'ಭಾರ ಎತ್ತಬೇಡಿ' ಅಂತ ಬರೆದ ಚೀಟಿ: ದಾವಣಗೆರೆಯ ಒಂದು ಪ್ರಕರಣ

ಇದು ದಾವಣಗೆರೆಯ ಒಬ್ಬ ಹೆಂಗಸಿನ ಪ್ರಕರಣ. ಆಗ ಅವರಿಗೆ 68 ವರ್ಷ. ಅವರನ್ನೂ ಮನೆಯವರನ್ನೂ ಕೇಳಿ, ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಬಡಾವಣೆ, ಮನೆಯವರ ಕೆಲಸ, ಇನ್ನೊಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಹೆಸರೂ ಬೇಡ. ನಾನು ಅವರನ್ನು ಕರೆಯುತ್ತಿದ್ದುದೇ 'ಅಮ್ಮ' ಅಂತ, ಇಲ್ಲೂ ಹಾಗೇ ಇರಲಿ. ನಾನು ಫಿಸಿಯೋಥೆರಪಿಸ್ಟ್. ಇದರಲ್ಲಿ ನಾನು ಮಾಡಿದ ತಪ್ಪುಗಳೇ ಮೂರಿವೆ. ಅವನ್ನೂ ಬಿಡದೆ ಹೇಳುತ್ತೇನೆ.

ಹಿನ್ನೆಲೆ

ಅಮ್ಮನ ಗಂಡ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದವರು. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲದಲ್ಲಿ ಅಮ್ಮ ಮದುವೆಯಾಗಿ ಇಲ್ಲಿಗೆ ಬಂದರು. ವಠಾರದ ಮನೆ. ಬೀದಿ ನಲ್ಲಿಯಿಂದ ದಿನಕ್ಕೆ ಹತ್ತು ಹನ್ನೆರಡು ಕೊಡ ನೀರು ತರುತ್ತಿದ್ದರು, ತಲೆ ಮೇಲೊಂದು, ಸೊಂಟದಲ್ಲೊಂದು. ರುಬ್ಬೋದೆಲ್ಲ ಒರಳಿನಲ್ಲೇ. ಆಮೇಲೆ ಗಿರಣಿ ಮುಚ್ಚಿತು. ಮಗ ಓದಿ ಕೆಲಸಕ್ಕೆ ಸೇರಿದ, ಹೊಸ ಬಡಾವಣೆಯಲ್ಲಿ ಮನೆಯಾಯಿತು, ನಲ್ಲಿ ಅಡುಗೆಮನೆಯೊಳಗೇ ಬಂತು. ಮಿಕ್ಸಿ, ವಾಷಿಂಗ್ ಮಷಿನ್ ಒಂದರ ಹಿಂದೆ ಒಂದು ಬಂದವು.

ನನ್ನ ಹತ್ತಿರ ಬರುವುದಕ್ಕೆ ಏಳು ವರ್ಷ ಮುಂಚೆ ಅಮ್ಮನಿಗೆ ಜೋರಾಗಿ ಸೊಂಟ ಹಿಡಿದಿತ್ತು. ಆಗ ತೋರಿಸಿದ ಡಾಕ್ಟರು ಭಾರ ಎತ್ತಬೇಡಿ ಅಂದರು. ಅವತ್ತಿನಿಂದ ಮನೆಯಲ್ಲಿ ಅದೇ ಕಾನೂನು. ಅಕ್ಕಿ ಚೀಲ ಮಗ ಇಳಿಸುತ್ತಾನೆ. ಕುಕ್ಕರ್ ಸೊಸೆ ಇಳಿಸುತ್ತಾಳೆ. ಮೊಮ್ಮಗಳು ಎತ್ಕೋ ಅಂತ ಕೈ ಚಾಚಿದರೂ, "ಅತ್ತೆ, ಬೇಡ, ಸೊಂಟ!" ಅಂತ ಕೂಗು. ಇಂಥ ಸೊಸೆ ಸಿಗಬೇಕು ಅಂತ ಬೀದಿಯವರೆಲ್ಲ ಹೊಗಳುತ್ತಿದ್ದರು. ನಿಜಕ್ಕೂ ಒಳ್ಳೆಯ ಹುಡುಗಿ, ಅದರಲ್ಲಿ ಎರಡು ಮಾತಿಲ್ಲ.

ಸಕ್ಕರೆ ಕಾಯಿಲೆ ಬಂದು 11 ವರ್ಷ. ಬಿಪಿ ಮಾತ್ರೆಯಲ್ಲಿ ಹತೋಟಿಯಲ್ಲಿತ್ತು. ತೂಕ 61 ಕೆಜಿ. ಎರಡೂ ಮಂಡಿಯಲ್ಲಿ ಸವೆತ, ಬಲಗಡೆ ಸ್ವಲ್ಪ ಜಾಸ್ತಿ. ಬೆಳಿಗ್ಗೆ ಕುಂದುವಾಡ ಕೆರೆಯ ಮೇಲೆ 40 ನಿಮಿಷ ವಾಕಿಂಗ್, ಅದನ್ನು ತಪ್ಪಿಸುತ್ತಿರಲಿಲ್ಲ.

ಸಮಸ್ಯೆ

ನನ್ನ ಹತ್ತಿರ ಕರೆತಂದಿದ್ದು ಮಂಡಿ ನೋವು ಅಂತ. ಮಾತಾಡುತ್ತಾ ಹೋದಂತೆ ಬೇರೆಯೇ ವಿಷಯ ಹೊರಬಿತ್ತು. ಸಂಬಂಧಿಕರ ಗೃಹಪ್ರವೇಶದಲ್ಲಿ ಅಮ್ಮ ಎಲ್ಲರ ಜೊತೆ ಚಾಪೆ ಮೇಲೆ ಪಂಕ್ತಿಗೆ ಕೂತಿದ್ದರು. ಊಟ ಮುಗಿಯಿತು. ಏಳೋಕೆ ಆಗಲಿಲ್ಲ. ಒಂದು ಕೈ ನೆಲಕ್ಕೆ ಊರಿ ಎರಡು ಸಲ ನೋಡಿದರಂತೆ. ಕೊನೆಗೆ ಬಡಿಸುತ್ತಿದ್ದ ಇಬ್ಬರು ಹುಡುಗರು ಕಂಕುಳಿಗೆ ಕೈ ಹಾಕಿ ಎಬ್ಬಿಸಿದರು. ಸೀರೆಯ ನೆರಿಗೆ ಕಳಚಿತು. ಪಕ್ಕದಲ್ಲಿದ್ದವರು ನಕ್ಕರೋ ಇಲ್ಲವೋ ಅಮ್ಮನಿಗೆ ನೆನಪಿಲ್ಲ, ಆದರೆ ಅವತ್ತಿನಿಂದ ಯಾವ ಕಾರ್ಯಕ್ಕೂ ಹೋಗುವುದು ಬಿಟ್ಟರು. ಮನೆಯವರಿಗೆ ಹೇಳಿದ ಕಾರಣ ಮಂಡಿ ನೋವು. ನಿಜವಾದ ಕಾರಣ ಆ ಹುಡುಗರು.

ಪರೀಕ್ಷೆ ಮಾಡಿದೆ. ಕೈ ಊರದೆ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ ಅಂತ ಎಣಿಸುವ ಒಂದು ಸರಳ ಪರೀಕ್ಷೆ ಇದೆ. 65ರಿಂದ 69 ವಯಸ್ಸಿನ ಹೆಂಗಸರಿಗೆ 11ಕ್ಕಿಂತ ಕಮ್ಮಿ ಬಂದರೆ ಕಾಲಿನ ಬಲ ಕುಂದಿದೆ ಅಂತ ಲೆಕ್ಕ. ಅಮ್ಮನದು 6. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು 14.5 ಸೆಕೆಂಡ್ ಬೇಕಾಯಿತು. 12 ದಾಟಿದರೆ ಬೀಳುವ ಭಯ ಇದೆ ಅಂತ ಅರ್ಥ. ಮುಷ್ಟಿಯ ಹಿಡಿತ 14 ಕೆಜಿ. ಏಷ್ಯಾದ ಹೆಂಗಸರಿಗೆ 18ಕ್ಕಿಂತ ಕಡಿಮೆ ಇರಬಾರದು. ನೆಲದ ಮೇಲೆ ಕೂತು ಏಳಿ ಅಂದೆ. ಅದು ಮಾತ್ರ ಬೇಡವೇ ಬೇಡ ಅಂದರು.

"ಅಲ್ಲವ್ವಾ, ದಿನಾ ಕೆರಿ ಮ್ಯಾಲೆ ಓಡಾಡ್ತೀನಿ. ಇನ್ನೇನ್ ಮಾಡ್ಲಿ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ವಾಕಿಂಗಿನಿಂದ ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಒಳ್ಳೆಯದು. ಆದರೆ ಸಪಾಟು ದಾರಿಯಲ್ಲಿ ನಡೆಯುವಾಗ ತೊಡೆಗೆ ಬೀಳುವ ಕೆಲಸ ಅಷ್ಟರಲ್ಲೇ ಇರುತ್ತೆ. ನೆಲದಿಂದ ಇಡೀ ಮೈಯನ್ನು ಮೇಲೆತ್ತುವ ಬಲ ಅದರಿಂದ ಬರಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಕೂಡ ವಾರಕ್ಕೆ 150 ನಿಮಿಷದ ನಡಿಗೆಯಂಥ ಚಟುವಟಿಕೆ ಹೇಳಿ ಅಲ್ಲಿಗೇ ನಿಲ್ಲಿಸಿಲ್ಲ. ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ವಾರಕ್ಕೆ ಎರಡು ದಿನವಾದರೂ ಇರಲಿ, 65 ದಾಟಿದವರು ಸಮತೋಲನ ಮತ್ತು ಬಲದ ಅಭ್ಯಾಸ ಮೂರು ದಿನ ಮಾಡಲಿ ಅನ್ನುತ್ತೆ. ನಮ್ಮಲ್ಲಿ ಮೊದಲ ಅರ್ಧ ಮಾತ್ರ ಎಲ್ಲರಿಗೂ ಬಾಯಿಪಾಠ ಆಗಿದೆ.

ಅಮ್ಮ ತಮ್ಮ ತೋಳು ಹಿಡಿದು ತೋರಿಸಿ ಹೇಳಿದ್ದನ್ನು ನಾನು ಇನ್ನೂ ಮರೆತಿಲ್ಲ. "ಮಂಡಕ್ಕಿ ಚೀಲ ಆಗೈತಿ ನೋಡು. ನೋಡಾಕ್ ದೊಡ್ಡದು, ಒಳಗೇನಿಲ್ಲ."

ಮೊದಲ ಆರು ವಾರ, ಮೊದಲ ತಪ್ಪು

ನಾನು ಹೆದರಿಕೊಂಡೇ ಶುರು ಮಾಡಿದೆ. ವಯಸ್ಸು, ಸಕ್ಕರೆ, ಮಂಡಿ, ಹಳೇ ಸೊಂಟ ಎಲ್ಲ ಕಣ್ಣ ಮುಂದೆ ಬಂದವು. ಅರ್ಧ ಕೆಜಿಯ ಎರಡು ಡಂಬೆಲ್, ಒಂದು ತೆಳು ರಬ್ಬರ್ ಪಟ್ಟಿ ಕೊಟ್ಟೆ. ಕೂತಲ್ಲೇ ಕಾಲು ಎತ್ತಿ ಇಳಿಸುವುದು, ಕೈ ಮಡಚಿ ಬಿಡಿಸುವುದು. ವಾರಕ್ಕೆ ಮೂರು ದಿನ, ಒಂದೊಂದೂ 15 ಸಲ.

ಅಮ್ಮ ಒಂದು ದಿನವೂ ತಪ್ಪಿಸಲಿಲ್ಲ. ಆರು ವಾರ ಆದ ಮೇಲೆ ಕುರ್ಚಿ ಪರೀಕ್ಷೆ ಮಾಡಿದರೆ 6 ಇದ್ದದ್ದು 7 ಆಗಿತ್ತು. ಒಂದು ಜಾಸ್ತಿ ಬಂದದ್ದೂ ಪರೀಕ್ಷೆ ರೂಢಿಯಾಗಿದ್ದಕ್ಕೇ ಇರಬಹುದು.

ಅವತ್ತು ಪಕ್ಕದಲ್ಲೇ ಕೂತು ನೋಡಿದೆ. ಅಮ್ಮ ಡಂಬೆಲ್ ಎತ್ತುತ್ತಾ ನಾದಿನಿಯ ಮನೆಯ ಆಸ್ತಿ ಜಗಳದ ಕಥೆ ಹೇಳುತ್ತಿದ್ದರು. ಉಸಿರು ಒಂದು ಚೂರೂ ಏರಲಿಲ್ಲ, ಕಥೆ ಎಲ್ಲೂ ತುಂಡಾಗಲಿಲ್ಲ. 15 ಮುಗಿದ ಮೇಲೆ ಕೇಳಿದೆ, ಇನ್ನೆಷ್ಟು ಆಗ್ತಿತ್ತು ಅಮ್ಮಾ ಅಂತ. "ಇನ್ನೂ ಐವತ್ತು ಹೊಡಿತೀನಿ ಬಿಡವ್ವಾ. ಇದೇನ್ ಭಾರನಾ? ಹುಡುಗ್ರು ಆಡೋ ಗಿಲಕಿ."

ಅಲ್ಲಿಗೆ ಉತ್ತರ ಸಿಕ್ಕಿತು. ಸ್ನಾಯು ಬೆಳೆಯಬೇಕಾದರೆ ಅದಕ್ಕೆ ಕಷ್ಟ ಆಗಬೇಕು. ಎಂಟರಿಂದ ಹನ್ನೆರಡು ಸಲ ಎತ್ತುವಷ್ಟರಲ್ಲಿ 'ಇನ್ನು ಎರಡೋ ಮೂರೋ ಆದೀತು, ಅಷ್ಟೇ' ಅನಿಸಬೇಕು. ಇನ್ನೂ ಐವತ್ತು ಆಗುತ್ತೆ ಅಂದರೆ ಅದು ಬಲದ ವ್ಯಾಯಾಮ ಅಲ್ಲ, ಸುಮ್ನೆ ಕೈ ಆಡಿಸಿದ್ದು. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. 1990ರಲ್ಲಿ ಬಾಸ್ಟನ್ನಿನಲ್ಲಿ ನಡೆದ ಒಂದು ಅಧ್ಯಯನವನ್ನು ನಾವೆಲ್ಲ ಓದಿದವರೇ. ವೃದ್ಧಾಶ್ರಮದಲ್ಲಿದ್ದ, ಸರಾಸರಿ 90 ವರ್ಷದ 10 ಜನರಿಗೆ ಎಂಟು ವಾರ ಕಾಲಿನ ವ್ಯಾಯಾಮ ಮಾಡಿಸಿದರು, ಅದೂ ಅವರು ಒಂದು ಸಲ ಎತ್ತಬಲ್ಲ ಗರಿಷ್ಠ ಭಾರದ ಶೇ 80ರವರೆಗೆ. ಪೂರ್ತಿ ಮಾಡಿದವರ ತೊಡೆಯ ಬಲ ಸರಾಸರಿ ಶೇ 174ರಷ್ಟು ಏರಿತು. ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆದರೂ ಎದುರಿಗೆ ನಮ್ಮೂರಿನ ಒಬ್ಬ ಅಮ್ಮ ಕೂತಾಗ ಅರ್ಧ ಕೆಜಿ ಕೊಟ್ಟೆ.

ಹಳೇ ಚೀಟಿ

ಭಾರ ಜಾಸ್ತಿ ಮಾಡೋಣ ಅಂದಾಗ ಮಗ ಒಪ್ಪಲಿಲ್ಲ. "ಡಾಕ್ಟ್ರೇ ಬೇಡ ಅಂದಿದ್ದಾರಲ್ರೀ ಮೇಡಂ." ಹಾಗಾದರೆ ಆ ಹಳೇ ಕಾಗದ ತನ್ನಿ, ನೋಡೋಣ ಅಂದೆ. ಮಾರನೇ ದಿನ ಸೊಸೆ ಒಂದು ಪ್ಲಾಸ್ಟಿಕ್ ಕವರಿನ ತುಂಬಾ ಕಾಗದ ತಂದರು. ಎಕ್ಸ್‌ರೇ, ಬಿಲ್ಲು, ರಕ್ತಪರೀಕ್ಷೆಗಳ ಮಧ್ಯೆ ಆ ಚೀಟಿ ಇತ್ತು, ಮಡಿಕೆಯಲ್ಲಿ ಹರಿದಿತ್ತು. ಮಾತ್ರೆಗಳ ಹೆಸರಿನ ಕೆಳಗೆ ಒಂದು ಸಾಲು. ಭಾರ ಎತ್ತಬಾರದು. ಅದರ ಮುಂದೆ, ಅದೇ ಕೈಬರಹದಲ್ಲಿ: ಆರು ವಾರ.

ಸೊಸೆ ಅದನ್ನು ಎರಡು ಸಲ ಓದಿದರು. ಆರು ವಾರಕ್ಕೆ ಹೇಳಿದ್ದು ಏಳು ವರ್ಷ ನಡೆದಿತ್ತು. ಆ ಡಾಕ್ಟರ್ ತಪ್ಪು ಬರೆದಿರಲಿಲ್ಲ. ಮನೆಯವರೂ ಕೆಟ್ಟದ್ದು ಮಾಡಿರಲಿಲ್ಲ. ಆರು ವಾರದ ಮೇಲೆ 'ಇನ್ನು ಎತ್ತಬಹುದು' ಅಂತ ಹೇಳುವುದು ಯಾರ ಕೆಲಸ ಅನ್ನುವುದೇ ಯಾರಿಗೂ ಹೊಳೆದಿರಲಿಲ್ಲ, ಅಷ್ಟೇ.

ಈ ಪ್ರಕರಣದ ದಿಕ್ಕು ಬದಲಾದದ್ದು ಇಲ್ಲಿ. ಅವತ್ತಿನಿಂದ ನಾನು ವಯಸ್ಸಾದವರು ಯಾರೇ ಬಂದರೂ ಕೇಳುವ ಮೊದಲ ಪ್ರಶ್ನೆ, ನಿಮಗೆ ಏನೇನು ಮಾಡಬೇಡಿ ಅಂದಿದ್ದಾರೆ, ಯಾವಾಗ ಅಂದರು, ಎಷ್ಟು ದಿನಕ್ಕೆ ಅಂದರು ಅಂತ. ಉತ್ತರ ಕೇಳಿದರೆ ಆಶ್ಚರ್ಯ ಆಗುತ್ತೆ.

ಕೊಡ

ಅವರ ಈಗಿನ ಡಾಕ್ಟರ ಹತ್ತಿರ ಬಿಪಿ, ಇಸಿಜಿ, ಕಣ್ಣು ಎಲ್ಲ ಒಮ್ಮೆ ನೋಡಿಸಿ ಒಪ್ಪಿಗೆ ತಗೊಂಡೆವು. ಸಕ್ಕರೆ ಇರುವವರ ಕಣ್ಣಿನ ಪರದೆಯಲ್ಲಿ ರಕ್ತಸ್ರಾವದ ಭಯ ಇದ್ದರೆ ಮುಕ್ಕಿರಿದು ಭಾರ ಎತ್ತುವಂತಿಲ್ಲ, ಅದಕ್ಕೇ ಕಣ್ಣು. ಡಂಬೆಲ್ ದೊಡ್ಡದು ತರಿಸೋಣ ಅಂತಿದ್ದೆ. ಅಮ್ಮನೇ ಹೇಳಿದರು, "ಕೊಡ ಐತಲ್ಲ?"

ಪ್ಲಾಸ್ಟಿಕ್ ಕೊಡದಲ್ಲಿ ಮೂರು ಲೀಟರ್ ನೀರು. ಒಂದು ಲೀಟರ್ ಅಂದರೆ ಒಂದು ಕೆಜಿ, ಲೆಕ್ಕ ಸುಲಭ. ಆದರೆ ಅರ್ಧಂಬರ್ಧ ತುಂಬಿದ ಕೊಡದಲ್ಲಿ ನೀರು ಆ ಕಡೆ ಈ ಕಡೆ ತುಳುಕಿ ಮೈಯನ್ನೇ ಎಳೆಯುತ್ತೆ. ಎರಡನೇ ದಿನವೇ ನೆಲದ ಮೇಲೆ ಚೆಲ್ಲಿತು. ಟೈಲ್ಸ್ ನೆಲ. ಜಾರಿ ಬಿದ್ದಿದ್ದರೆ ನನ್ನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ನೀರು ಬೇಡ, ಒಣಗಿದ್ದು ಏನಾದರೂ ಹಾಕೋಣ ಅಂದುಕೊಂಡೆವು. ಅವರ ತಮ್ಮನ ಹೊಲದ ಮೆಕ್ಕೆಜೋಳ ಮನೆಯಲ್ಲಿತ್ತು. ಕಿರಾಣಿ ಅಂಗಡಿಯಲ್ಲಿ ತೂಗಿಸಿ, ಕೊಡಕ್ಕೆ ತುಂಬಿ, ಬಾಯಿಗೆ ಹಳೇ ಸೀರೆ ತುಂಡು ಕಟ್ಟಿದೆವು. ಕೊಡ ಸೇರಿ ಮೂರು ಕೆಜಿ.

ಕೊಡವನ್ನು ನೆಲದ ಮೇಲಿಡಲಿಲ್ಲ, ಮಂಡಿ ಎತ್ತರದ ಸ್ಟೂಲಿನ ಮೇಲೆ ಇಟ್ಟೆವು. ಹತ್ತಿರ ನಿಂತು, ಮಂಡಿ ಸ್ವಲ್ಪ ಮಡಚಿ, ಬೆನ್ನು ನೆಟ್ಟಗಿಟ್ಟು ಸೊಂಟದಿಂದ ಬಾಗಿ, ಎರಡೂ ಕೈಯಲ್ಲಿ ಅಂಚು ಹಿಡಿದು ಮೈಗೆ ಒತ್ತಿಕೊಂಡು ಏಳುವುದು. ಏಳುವಾಗ ಉಸಿರು ಬಿಡಬೇಕು. ಉಸಿರು ಕಟ್ಟಿ ಎತ್ತಿದರೆ ಬಿಪಿ ಸರ್ರನೆ ಏರುತ್ತೆ. ಇದನ್ನು ಕಲಿಸೋಕೆ ನಾನು ತಯಾರಾಗಿ ಹೋಗಿದ್ದೆ. ಕಲಿಸಬೇಕಾದ್ದು ಉಸಿರಿನದ್ದು ಮಾತ್ರ. ಮಿಕ್ಕಿದ್ದು ಆ ಕೈಗೆ, ಆ ಸೊಂಟಕ್ಕೆ ಗೊತ್ತಿತ್ತು. ಕೊಡದ ಅಂಚಿಗೆ ಕೈ ಹಾಕುತ್ತಿದ್ದಂತೆ ಅಮ್ಮ ನಿಂತ ರೀತಿಯೇ ಬೇರೆಯಾಯಿತು. ಪಾದ ಅಗಲ ಆಯಿತು, ಹೆಗಲು ಹಿಂದೆ ಹೋಯಿತು.

ಚಿತ್ರದುರ್ಗ ನಮ್ಮ ಪಕ್ಕದಲ್ಲೇ ಇದೆ. ಒನಕೆ ಓಬವ್ವನ ಕಥೆ ಹೇಳುವಾಗ ನಾವು ಅವಳ ಧೈರ್ಯ ಮಾತ್ರ ಹೇಳುತ್ತೇವೆ. ದಿನಾ ಒನಕೆ ಎತ್ತಿ ಕುಟ್ಟಿದ ಹೆಂಗಸರ ರಟ್ಟೆ ಹೇಗಿರುತ್ತೆ ಅಂತ ಯಾರೂ ಹೇಳಲ್ಲ, ಅಲ್ವಾ?

ಕೊಡದ ಜೊತೆ ಇನ್ನು ನಾಲ್ಕು. ಗೋಡೆಗೆ ಒರಗಿಸಿದ ಕುರ್ಚಿಯಿಂದ ಕೈ ಊರದೆ ಏಳುವುದು, ಮೊದಲು ದಿಂಬು ಹಾಕಿ ಎತ್ತರ ಮಾಡಿ, ಆಮೇಲೆ ದಿಂಬು ತೆಗೆದು. ಅಡುಗೆಮನೆ ಕಟ್ಟೆಗೆ ಕೈ ಕೊಟ್ಟು ಮೈ ತಳ್ಳುವುದು. ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಒಂದು ಮೆಟ್ಟಿಲು ಹತ್ತಿ ಇಳಿಯುವುದು. ಒಂದೊಂದೂ ಎರಡು ಸುತ್ತು, ನಡುವೆ ಎರಡು ನಿಮಿಷ ವಿಶ್ರಾಂತಿ, ಒಟ್ಟು 35 ನಿಮಿಷ. ಮಂಗಳವಾರ, ಗುರುವಾರ, ಶನಿವಾರ. ಸೋಮವಾರ ಅಮ್ಮನಿಗೆ ಒಪ್ಪತ್ತು, ಶುಕ್ರವಾರ ಪೂಜೆ.

ಊಟವನ್ನೂ ನೋಡಿದೆವು. ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಒಂದು ರೊಟ್ಟಿ. ನನ್ನ ಲೆಕ್ಕದಲ್ಲಿ ಪ್ರೋಟೀನ್ 35 ಗ್ರಾಂ ದಾಟುತ್ತಿರಲಿಲ್ಲ. ಈ ವಯಸ್ಸಿಗೆ ಮೈತೂಕದ ಕೆಜಿಗೆ ಒಂದು ಗ್ರಾಂ ಆದರೂ ಬೇಕು, ಅಂದರೆ ಸುಮಾರು 60. ಕಿಡ್ನಿ ಸರಿಯಿದೆ ಅಂತ ಖಾತ್ರಿ ಮಾಡಿಕೊಂಡು ಹೆಸರುಕಾಳಿನ ಉಸಲಿ, ಶೇಂಗಾ ಚಟ್ನಿ, ಗಟ್ಟಿ ಬೇಳೆ, ಎರಡು ಹೊತ್ತು ಹಾಲು ಮೊಸರು ಸೇರಿಸಿದೆವು. ಪೌಡರ್ ಡಬ್ಬ ತರಿಸಲಿಲ್ಲ.

ಏನಾಯಿತು

ಮೊದಲ ವಾರ ಎರಡೂ ತೊಡೆ ಹಿಡಿದುಕೊಂಡವು. ಮಗ ಫೋನ್ ಮಾಡಿ ನಿಲ್ಲಿಸಿಬಿಡೋಣ ಅಂದ. ನೋವು ಎಲ್ಲಿದೆ, ಕೀಲಿನಲ್ಲೋ ಮಾಂಸದಲ್ಲೋ ಅಂತ ಕೇಳಿದೆ. ಎರಡೂ ತೊಡೆಯಲ್ಲಿ ಒಂದೇ ಥರ, ಊತ ಇಲ್ಲ, ಮೂರನೇ ದಿನಕ್ಕೆ ಇಳಿಯಿತು. ಹೊಸ ಕೆಲಸಕ್ಕೆ ಬಂದ ಮೈಕೈ ನೋವು ಅದು. ಮುಂದುವರಿಸಿದೆವು. ವಾರ ಎರಡು ವಾರಕ್ಕೊಮ್ಮೆ ಅರ್ಧ ಕೆಜಿ ಜೋಳ ಜಾಸ್ತಿ. ಹತ್ತನೇ ವಾರಕ್ಕೆ ಕುರ್ಚಿ ಪರೀಕ್ಷೆ 9. ಮೊದಲ ತಿಂಗಳುಗಳಲ್ಲಿ ಸ್ನಾಯು ದಪ್ಪ ಆಗುವುದಕ್ಕಿಂತ ನರಗಳು ಅದನ್ನು ಚೆನ್ನಾಗಿ ದುಡಿಸುವುದನ್ನು ಕಲಿಯುತ್ತವೆ. ಬೇಗ ಫಲ ಕಾಣುವುದು ಅದಕ್ಕೇ.

ಆ ಖುಷಿಯಲ್ಲಿ ಎರಡನೇ ತಪ್ಪು. ಹನ್ನೊಂದನೇ ವಾರ ಮೆಟ್ಟಿಲಿನ ಎತ್ತರವನ್ನೂ ಕೊಡದ ಭಾರವನ್ನೂ ಒಂದೇ ದಿನ ಏರಿಸಿದೆ. ಸಂಜೆಗೆ ಬಲ ಮಂಡಿ ಊದಿತು. ಇದು ಮೈಕೈ ನೋವಲ್ಲ. ಇಲ್ಲಿ ಸುಲಭದ ದಾರಿ ಪೂರ್ತಿ ನಿಲ್ಲಿಸುವುದು. ನಾವು ಮೆಟ್ಟಿಲು ಮಾತ್ರ ಬಿಟ್ಟೆವು, ಕುರ್ಚಿಗೆ ಮತ್ತೆ ದಿಂಬು ಹಾಕಿದೆವು, ಕೈ ಮತ್ತು ಬೆನ್ನಿನದ್ದು ನಡೆದೇ ಇತ್ತು. ಹತ್ತು ದಿನಕ್ಕೆ ಊತ ಇಳಿಯಿತು. ಮತ್ತೆ ಯಾವತ್ತೂ ಒಂದೇ ಸಲ ಎರಡನ್ನು ಏರಿಸಲಿಲ್ಲ.

ಮೂರನೆಯದು ಹೆದರಿಸಿಬಿಟ್ಟಿತು. ಮಂಗಳವಾರ ಮದುವೆ ಇದೆ ಅಂತ ಅಮ್ಮ ವ್ಯಾಯಾಮವನ್ನು ಸೋಮವಾರವೇ ಮುಗಿಸಲು ಹೋದರು. ಒಪ್ಪತ್ತಿನ ದಿನ. ಬೆಳಿಗ್ಗೆ ಮಾತ್ರೆ ನುಂಗಿದ್ದರು, ಅದರಲ್ಲಿ ರಕ್ತದ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಇತ್ತು, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಎರಡನೇ ಸುತ್ತಿಗೆ ಕೈ ನಡುಗಿತು, ಹಣೆಯಲ್ಲಿ ತಣ್ಣನೆ ಬೆವರು. ಮನೆಯ ಮಷಿನ್‌ನಲ್ಲಿ ನೋಡಿದರೆ ಸಕ್ಕರೆ 58. ಸೊಸೆ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಆಮೇಲೆ ನನಗೆ ಫೋನ್ ಮಾಡಿದರು. ನನಗಿಂತ ಚೆನ್ನಾಗಿ ನಿಭಾಯಿಸಿದರು ಅನ್ನಬೇಕು. ಉಪವಾಸದ ದಿನ ಬೇಡ ಅಂತ ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ, ಬಾಯಿಬಿಟ್ಟು ಹೇಳಿರಲಿಲ್ಲ. ಆ ವಾರವೇ ಡಾಕ್ಟರು ಮಾತ್ರೆ ಕಮ್ಮಿ ಮಾಡಿದರು. ದುಡಿಯುವ ಸ್ನಾಯು ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತೆ, ಹಾಗಾಗಿ ವ್ಯಾಯಾಮ ಶುರುವಾದಾಗ ಮಾತ್ರೆಯ ಲೆಕ್ಕವನ್ನೂ ನೋಡಿಸಬೇಕು.

ನೆಲದಿಂದ ಏಳುವುದನ್ನು ಹದಿನಾರನೇ ವಾರದಿಂದ ಹಿಂದುಮುಂದಾಗಿ ಕಲಿಸಿದೆ. ಮೊದಲು ಕೊನೆಯ ಹೆಜ್ಜೆ, ಒಂದು ಮಂಡಿ ದಿಂಬಿನ ಮೇಲೆ, ಇನ್ನೊಂದು ಪಾದ ನೆಲಕ್ಕೆ, ಅಲ್ಲಿಂದ ಏಳುವುದು. ಅದು ಬಂದ ಮೇಲೆ ಎರಡೂ ಮಂಡಿಯಿಂದ. ಕೊನೆಗೆ ಚಾಪೆಯಿಂದ. ಪಕ್ಕದಲ್ಲಿ ಸ್ಟೂಲ್ ಇರುತ್ತಿತ್ತು, ಮುಟ್ಟೋದಿಲ್ಲ ಅಂತ ಅಮ್ಮನಿಗೆ ಹಟ.

22ನೇ ವಾರ ಸೊಸೆ ನಗುತ್ತಾ ಫೋನ್ ಮಾಡಿದರು. ಹತ್ತಿರದವರ ನಾಮಕರಣಕ್ಕೆ ಅಮ್ಮ ಹೋಗಿದ್ದಾರೆ. ಕುರ್ಚಿ ಕೊಟ್ಟರೂ ಬೇಡ ಅಂತ ನೆಲದ ಪಂಕ್ತಿಯಲ್ಲೇ ಕೂತಿದ್ದಾರೆ. ಇನ್ನೂ ಮಜ್ಜಿಗೆ ಬಡಿಸುತ್ತಿರುವಾಗಲೇ, ಪಂಕ್ತಿಯಲ್ಲಿ ಯಾರೂ ಎದ್ದಿಲ್ಲ, ಇವರೊಬ್ಬರು ಎದ್ದು ನಿಂತಿದ್ದಾರೆ. "ಪಂಕ್ತಿ ಮುಗಿಯೋ ಮುಂಚೆ ಏಳ್ತಾರೇನವ್ವಾ?" ಅಂತ ಹಿರಿಯರೊಬ್ಬರು ಗದರಿದರಂತೆ. ಅಮ್ಮ ಸಾರಿ ಗೀರಿ ಏನೂ ಹೇಳದೆ ಮತ್ತೆ ಕೂತು, ಮಜ್ಜಿಗೆ ಹಾಕಿಸಿಕೊಂಡು, ಎಲ್ಲರ ಜೊತೆ ಇನ್ನೊಂದು ಸಲ ಎದ್ದರಂತೆ.

24 ವಾರಕ್ಕೆ ಅಳೆದದ್ದು ಹೀಗಿದೆ. ಕುರ್ಚಿ ಪರೀಕ್ಷೆ 12. ಮೂರು ಮೀಟರ್ ನಡಿಗೆ 10.8 ಸೆಕೆಂಡ್. ಕೊಡ 9 ಕೆಜಿ. ಮುಷ್ಟಿ 17, ಇನ್ನೂ ಗೆರೆಯ ಕೆಳಗೇ. ತೂಕ ಅರ್ಧ ಕೆಜಿ ಇಳಿದಿದೆ, ಅದನ್ನು ಇಳಿದಿದೆ ಅನ್ನೋದೂ ಬೇಡ. ಎಕ್ಸ್‌ರೇಯಲ್ಲಿ ಮಂಡಿ ಹಾಗೇ ಇದೆ, ಆದರೆ ಮೆಟ್ಟಿಲು ಇಳಿಯುವಾಗಿನ ನೋವು ಕಮ್ಮಿ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ (HbA1c) ಶೇ 7.9ರಿಂದ 7.4ಕ್ಕೆ ಬಂದಿದೆ. ಊಟವೂ ಬದಲಾಗಿತ್ತು, ಮಾತ್ರೆಯೂ ಬದಲಾಗಿತ್ತು, ಹಾಗಾಗಿ ಇದನ್ನು ಪೂರ್ತಿ ಕೊಡದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ನಿದ್ದೆ ಚೆನ್ನಾಗಿ ಬರುತ್ತೆ ಅಂತ ಅಮ್ಮ ಹೇಳುತ್ತಾರೆ. ಸೊಸೆಯ ಪ್ರಕಾರ ದೊಡ್ಡ ಬದಲಾವಣೆ ಬೇರೆ: ಅತ್ತೆ ಈಗ ಯಾರು ಕರೆದರೂ ಹೊರಟುಬಿಡುತ್ತಾರೆ.

ಆಮೇಲೆ ಬೆಂಗಳೂರಿನ ಮಗಳ ಮನೆಗೆ ಹೋದರು. ಐದು ವಾರ ಏನೂ ಮಾಡಲಿಲ್ಲ. ವಾಪಸ್ ಬಂದಾಗ ಕುರ್ಚಿ ಪರೀಕ್ಷೆ 10. ಅಮ್ಮನಿಗೆ ಬೇಜಾರಾಯಿತು. ಆದರೆ ಕಳೆದುಕೊಂಡದ್ದು ಮೂರೇ ವಾರದಲ್ಲಿ ವಾಪಸ್ ಬಂತು, ಮೊದಲ ಸಲ ಅದೇ ಜಾಗ ಮುಟ್ಟಲು ತಿಂಗಳುಗಳು ಬೇಕಾಗಿದ್ದವು. ಇದನ್ನು ಮೊದಲೇ ಹೇಳಿಬಿಟ್ಟರೆ ಊರಿಗೆ ಹೋಗಿ ಬಂದ ಮೇಲೆ ಯಾರೂ ಬಿಟ್ಟುಬಿಡುವುದಿಲ್ಲ. ಈಗ ನಾನು ಎಲ್ಲರಿಗೂ ಹೇಳುತ್ತೇನೆ.

ಈಗ

ಮಳೆಗಾಲದಲ್ಲಿ ಕೊಡದ ಜೋಳಕ್ಕೆ ಹುಳ ಬಿತ್ತು. ಜೋಳ ಸುರಿದು ಮರಳು ತುಂಬಿದ್ದಾರೆ. ಮರಳು ಜೋಳಕ್ಕಿಂತ ಭಾರ, ಅರ್ಧ ಕೊಡವೇ 9 ಕೆಜಿ ದಾಟಿತು, ಮತ್ತೆ ತೂಗಿಸಬೇಕಾಯಿತು. ವಾರಕ್ಕೆ ಮೂರು ದಿನ ಇದ್ದದ್ದು ಎರಡಕ್ಕೆ ಬಂದಿದೆ. ಬಲ ಏರುತ್ತಿಲ್ಲ, ಇಳಿಯುತ್ತಲೂ ಇಲ್ಲ. ಸದ್ಯಕ್ಕೆ ಹಾಗೇ ಬಿಟ್ಟಿದ್ದೇನೆ.

ಪಕ್ಕದ ಮನೆಯ 72 ವರ್ಷದ ಅಜ್ಜಿಯೊಬ್ಬರು ಇದನ್ನೆಲ್ಲ ನೋಡಿ ತಮಗೂ ಕೊಡ ಬೇಕು ಅಂತ ಬಂದಿದ್ದಾರೆ. ಎರಡು ವರ್ಷದ ಹಿಂದೆ ಸುಮ್ನೆ ಕಾಲು ಜಾರಿ ಕೂತದ್ದಕ್ಕೆ ಅವರ ಮಣಿಕಟ್ಟು ಮುರಿದಿತ್ತು, ಬೆನ್ನೂ ಸ್ವಲ್ಪ ಗೂನು ಬಿದ್ದಿದೆ. ಮುಟ್ಟು ನಿಂತ ಮೇಲೆ ಮೂಳೆ ಸವೆಯುವ ವೇಗ ಜಾಸ್ತಿ, ಇವರ ಬೆನ್ನುಮೂಳೆಯಲ್ಲಿ ಆಗಲೇ ಬಿರುಕು ಇದ್ದರೂ ಇರಬಹುದು. ಮೂಳೆ ಸವೆದ ಹೆಂಗಸರಿಗೂ ಭಾರದ ವ್ಯಾಯಾಮದಿಂದ ಉಪಯೋಗ ಇದೆ ಅಂತ ಆಸ್ಟ್ರೇಲಿಯಾದ 2018ರ ಅಧ್ಯಯನವೊಂದು ತೋರಿಸಿದೆ. ಆದರೆ ಅಲ್ಲಿ ಪ್ರತಿ ಸಲವೂ ತಜ್ಞರು ಪಕ್ಕದಲ್ಲೇ ನಿಂತಿದ್ದರು. ಅಜ್ಜಿಗೆ ಮೂಳೆ ಸಾಂದ್ರತೆಯ ಪರೀಕ್ಷೆ, ಬೆನ್ನಿನ ಎಕ್ಸ್‌ರೇ ಬರೆದುಕೊಟ್ಟು ಕಳಿಸಿದ್ದೇನೆ. ಅಲ್ಲಿಯವರೆಗೆ ಕುರ್ಚಿಯಿಂದ ಏಳುವುದು ಮಾತ್ರ, ಬಾಗಿ ಎತ್ತುವುದು ಬೇಡ ಅಂದೆ. ಹೇಳುವುದರ ಜೊತೆಗೆ ಚೀಟಿಯಲ್ಲೂ ಬರೆದೆ, ಮುಂದೆ ತಾರೀಖು ಹಾಕಿ.